ಗಾಂಧಿ ಬಜಾರಿನ ಒಂದು ನಿವೇಶನದ ಮೇಲೆ ನಿಯಮಗಳನ್ನು ಇಟ್ಟು ನೋಡಿದ್ದು

ಶಿವಮೊಗ್ಗದಲ್ಲಿ ಕಟ್ಟಡದ ನಕ್ಷೆ ಬರೆಯುವ, ಲೈಸೆನ್ಸಿಗೆ ಕಡತ ಸಿದ್ಧಪಡಿಸುವ ಕಸುಬಿನಲ್ಲಿರುವ ನನಗೆ ಯೋಜನಾ ನಿಯಮಗಳು ಹೊಸವೇನಲ್ಲ. ಆದರೆ ಒಂದು ಕಡತಕ್ಕೆ ಬೇಕಾದ ನಿಯಮವನ್ನು ಹುಡುಕಿ ತೆಗೆಯುವುದು ಒಂದು ಕೆಲಸ. ಊರಿನ ನಡುಭಾಗಕ್ಕೆ ಅನ್ವಯಿಸುವ ಎಲ್ಲ ನಿಯಮಗಳನ್ನೂ ಒಟ್ಟಿಗೆ ಹರಡಿಕೊಂಡು, ಅವು ಯಾವ ಉದ್ದೇಶಕ್ಕೆ ಬಂದವೋ ಆ ಉದ್ದೇಶವನ್ನು ನೆರವೇರಿಸುತ್ತಿವೆಯೇ ಎಂದು ಪರಿಶೀಲಿಸುವುದು ಬೇರೆಯೇ ಕೆಲಸ. ಈ ಎರಡನೆಯದನ್ನು ನಾನು ಮತ್ತು ಇದೇ ವೃತ್ತಿಯ ಕೆಲವು ಗೆಳೆಯರು ಯಾರ ಆದೇಶವೂ ಇಲ್ಲದೆ, ಸಂಜೆಯ ವೇಳೆಯಲ್ಲಿ ಕೈಗೆತ್ತಿಕೊಂಡೆವು. ಬೇರೆ ಊರುಗಳಲ್ಲಿ ಇಂಥ ಪ್ರಯತ್ನಕ್ಕೆ ಇಳಿಯುವವರಿಗೆ ಉಪಯೋಗವಾಗಬಹುದು ಎಂಬ ಕಾರಣಕ್ಕೆ, ಅದನ್ನು ಹೇಗೆ ಮಾಡಿದೆವು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಕಾರಣ ಸರಳವಾಗಿತ್ತು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 13-ಡಿ ಕಲಮಿನ ಪ್ರಕಾರ ಮಹಾಯೋಜನೆಯನ್ನು, ಅಂದರೆ ಊರಿನ ಯಾವ ಜಾಗ ಯಾವ ಬಳಕೆಗೆ ಎಂದು ಗೊತ್ತುಪಡಿಸುವ ಮಾಸ್ಟರ್ ಪ್ಲಾನನ್ನು, ಹತ್ತು ವರ್ಷಕ್ಕೆ ಒಮ್ಮೆಯಾದರೂ ಪರಿಷ್ಕರಿಸಬೇಕು. ಕರಡು ಪ್ರಕಟವಾದ ಮೇಲೆ ಸಾರ್ವಜನಿಕರು ತಮ್ಮ ಅಭಿಪ್ರಾಯ ಸಲ್ಲಿಸಲು 60 ದಿನಗಳ ಅವಕಾಶವಿರುತ್ತದೆ. ಆ ಅವಧಿಯಲ್ಲಿ ಬರುವ ಅರ್ಜಿಗಳಲ್ಲಿ ಹೆಚ್ಚಿನವು ಅರ್ಜಿದಾರರ ಸ್ವಂತ ಜಾಗಕ್ಕೆ ಸಂಬಂಧಿಸಿದವು: ನನ್ನ ಸರ್ವೆ ನಂಬರು ನಕ್ಷೆಯಲ್ಲಿ ಕೃಷಿಯ ಹಸಿರು ಬಣ್ಣದಲ್ಲಿದೆ, ಅದನ್ನು ವಾಸದ ಹಳದಿಗೆ ಬದಲಾಯಿಸಿಕೊಡಿ, ಎಂಬಂಥವು. ಅದು ಅವರ ಹಕ್ಕು, ತಪ್ಪೇನಿಲ್ಲ. ಆದರೆ ನಕ್ಷೆಯ ಜೊತೆಗೆ ಬರುವ, ಎಲ್ಲಿ ಏನನ್ನು ಎಷ್ಟು ಕಟ್ಟಬಹುದು ಎಂದು ಹೇಳುವ ವಲಯ ನಿಯಮಾವಳಿ ಎಂಬ ಪುಸ್ತಕವನ್ನು ಕೂಲಂಕಷವಾಗಿ ಓದಿ ಅಭಿಪ್ರಾಯ ಬರೆಯುವವರು ವಿರಳ. ಊರಿನ ನಡುಭಾಗ ಮುಂದಿನ ದಶಕದಲ್ಲಿ ಹೇಗಿರುತ್ತದೆ ಎಂಬುದನ್ನು ನಿರ್ಧರಿಸುವುದು ಬಣ್ಣಕ್ಕಿಂತ ಹೆಚ್ಚಾಗಿ ಆ ಪುಸ್ತಕವೇ. 60 ದಿನಗಳಲ್ಲಿ ಓದಿ, ಅಳೆದು, ಬರೆಯುವುದು ಆಗದ ಮಾತು. ಆದ್ದರಿಂದ ಕರಡಿಗಾಗಿ ಕಾಯದೆ ಈಗಿರುವ ನಿಯಮಗಳ ಮೇಲೆಯೇ ಕೆಲಸ ಶುರು ಮಾಡಿದೆವು.

ಮೊದಲು ಗಡಿ ಹಾಕಿಕೊಳ್ಳಬೇಕಾಯಿತು. ವಾರ್ಡಿನ ಗೆರೆಗಳನ್ನು ಬಳಸುವುದು ಸುಲಭವಾಗಿತ್ತು, ಆದರೆ ಬಜಾರು ವಾರ್ಡಿನ ಗೆರೆಯನ್ನು ಕೇಳಿ ಬೆಳೆದದ್ದಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ, ಶಿಕಾರಿಪುರದ ಕಡೆಯಿಂದ ಬಸ್ಸಿನಲ್ಲಿ ಬಂದಿಳಿಯುವ ಕುಟುಂಬವೊಂದು ಮೆಗ್ಗಾನ್ ಆಸ್ಪತ್ರೆಯ ಕೆಲಸ, ಜವಳಿ, ಬಂಗಾರ, ಪಾತ್ರೆ ಇವೆಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಿಕೊಂಡು ಸಂಜೆಯ ಬಸ್ಸಿಗೆ ಮರಳುವ ಊರು ಇದು. ಅಂಥವರು ಎಲ್ಲಿಂದ ಎಲ್ಲಿಯವರೆಗೆ ಕಾಲ್ನಡಿಗೆಯಲ್ಲಿ ಹೋಗುತ್ತಾರೋ ಅದನ್ನೇ ನಡುಭಾಗ ಎಂದು ಇಟ್ಟುಕೊಂಡೆವು. ಹಾಗೆ ನೋಡಿದಾಗ ಬಸ್ ನಿಲ್ದಾಣದ ಬಳಿಯ ಅಶೋಕ ವೃತ್ತದಿಂದ ಬಿ.ಎಚ್. ರಸ್ತೆ, ಶಿವಪ್ಪ ನಾಯಕ ವೃತ್ತ, ಗಾಂಧಿ ಬಜಾರು ಮತ್ತು ಅದರ ಅಡ್ಡ ಬೀದಿಗಳು, ಅಮೀರ್ ಅಹ್ಮದ್ ವೃತ್ತದಿಂದ ಗೋಪಿ ವೃತ್ತದವರೆಗಿನ ನೆಹರು ರಸ್ತೆ, ದುರ್ಗಿಗುಡಿ, ಇತ್ತ ಕೋಟೆ ರಸ್ತೆಯಿಂದ ತುಂಗೆಯ ದಂಡೆ, ಇಷ್ಟು ಒಳಗೆ ಬಂದವು. ಒಳಗೆ ಬಂದ ಮೇಲೆ ಇದು ಒಂದೇ ಬಗೆಯ ಪ್ರದೇಶವಲ್ಲ ಎಂಬುದೂ ಕಣ್ಣಿಗೆ ಬಿತ್ತು. ಗಾಂಧಿ ಬಜಾರಿನದು ಗೋಡೆಗೆ ಗೋಡೆ ಅಂಟಿದ, ಮುಂಭಾಗ ಕಿರಿದಾಗಿ ಹಿಂದಕ್ಕೆ ಉದ್ದ ಹೋಗುವ ಹಳೆಯ ನಿವೇಶನಗಳು. ದುರ್ಗಿಗುಡಿಯಲ್ಲಿ ವಾಸದ ಮನೆಗಳು ಒಂದೊಂದಾಗಿ ಅಂಗಡಿ, ಕ್ಲಿನಿಕ್ಕುಗಳಾಗಿ ಮಾರ್ಪಟ್ಟಿವೆ. ಬಿ.ಎಚ್. ರಸ್ತೆಯಂತೂ ಹೆಸರೇ ಹೇಳುವಂತೆ ಬೆಂಗಳೂರು–ಹೊನ್ನಾವರ ಹೆದ್ದಾರಿಯಾಗಿ ಬೆಳೆದದ್ದು. ವಾಣಿಜ್ಯ ಬಳಕೆಗೆ ನಕ್ಷೆಯಲ್ಲಿ ನೀಲಿ ಬಳಿಯುವುದು ರೂಢಿ. ಆ ಒಂದು ನೀಲಿ ಈ ಮೂರು ಬಗೆಯ ಬೀದಿಗಳ ಭೇದವನ್ನು ತೋರಿಸಲಾರದು.

ಎರಡನೆಯ ಹಂತ ನಿಯಮಗಳನ್ನು ಕಲೆಹಾಕುವುದು. ಇದು ನಾವು ಎಣಿಸಿದ್ದಕ್ಕಿಂತ ಬಹಳ ಹಿಗ್ಗಿತು. ಮಹಾಯೋಜನೆ ಮತ್ತು ವಲಯ ನಿಯಮಾವಳಿ ನಗರಾಭಿವೃದ್ಧಿ ಪ್ರಾಧಿಕಾರದ್ದು, ನಮ್ಮವರ ಬಾಯಲ್ಲಿ ಸೂಡಾ. ಕಟ್ಟಡದ ಲೈಸೆನ್ಸು, ಉದ್ದಿಮೆ ಪರವಾನಗಿ, ಜಾಹೀರಾತು ಫಲಕ, ಚರಂಡಿ ಇವು 1976ರ ಪೌರ ನಿಗಮಗಳ ಕಾಯ್ದೆಯಡಿ ಮಹಾನಗರ ಪಾಲಿಕೆಯವು. ಬೀದಿ ಬದಿ ವ್ಯಾಪಾರಕ್ಕೆ 2014ರ ಕೇಂದ್ರ ಕಾಯ್ದೆ ಇದೆ. ಏಕಮುಖ ಸಂಚಾರ, ನಿಲುಗಡೆ ನಿಷೇಧ, ಭಾರಿ ವಾಹನಗಳ ಪ್ರವೇಶದ ಹೊತ್ತು ಇವನ್ನು ನಿರ್ಧರಿಸುವುದು ಮೋಟಾರು ವಾಹನ ಕಾಯ್ದೆಯಡಿ ಜಿಲ್ಲಾಧಿಕಾರಿಗಳು ಹೊರಡಿಸುವ ಅಧಿಸೂಚನೆಗಳು. ಟ್ರಾನ್ಸ್‌ಫಾರ್ಮರು ಎಲ್ಲಿ ನಿಲ್ಲಬೇಕೆಂಬುದು ವಿದ್ಯುತ್ ಸರಬರಾಜು ಕಂಪನಿಯಾದ ಮೆಸ್ಕಾಂನ ತೀರ್ಮಾನ. ಇಷ್ಟನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವವರು ಯಾರೂ ಇಲ್ಲ ಎಂಬುದೇ ನಮ್ಮ ಮೊದಲ ತಿಳಿವಳಿಕೆ. ಯೋಜನಾ ನೀತಿ ಎಂದರೆ ಮಹಾಯೋಜನೆ ಎಂದಷ್ಟೇ ಭಾವಿಸಿದವರು ಜಿಲ್ಲಾಧಿಕಾರಿಗಳ ಸಂಚಾರ ಅಧಿಸೂಚನೆಯನ್ನು ನೋಡುವುದೇ ಇಲ್ಲ. ವಾಸ್ತವದಲ್ಲಿ ಬಜಾರಿನ ದಿನನಿತ್ಯದ ಬದುಕನ್ನು ನಡೆಸುವುದು ಬಹುಪಾಲು ಆ ಅಧಿಸೂಚನೆಗಳೇ. ಹಳೆಯ ನಿಯಮಾವಳಿಯ ಪ್ರತಿ, ತಿದ್ದುಪಡಿ ಆದೇಶಗಳು ಸಿಗದಿದ್ದಲ್ಲಿ ಮಾಹಿತಿ ಹಕ್ಕು ಅರ್ಜಿ ಹಾಕಿದೆವು. ಮೂಲ ನಿಯಮವನ್ನು ಓದಿ ತಿದ್ದುಪಡಿಯನ್ನು ಬಿಟ್ಟರೆ ಇಡೀ ಪರಿಶೀಲನೆ ವ್ಯರ್ಥವಾಗುತ್ತದೆ, ಹಾಗಾಗಿ ಪ್ರತಿ ಕಲಮಿನ ಎದುರು ಅದು ಜಾರಿಗೆ ಬಂದ ದಿನಾಂಕವನ್ನು ಬರೆದುಕೊಳ್ಳುವ ಪದ್ಧತಿ ಇಟ್ಟುಕೊಂಡೆವು.

ಇಷ್ಟಾದ ಮೇಲೆ ನಾವು ಮಾಡಿದ್ದು ಈ ಕೆಲಸದ ತಿರುಳು ಎಂದು ನನಗೆ ಈಗಲೂ ಅನಿಸುತ್ತದೆ. ನಿಯಮಗಳನ್ನು ವಿಷಯವಾರು ಓದುವುದನ್ನು ಬಿಟ್ಟು, ಒಂದು ನಿವೇಶನವನ್ನು ಆಯ್ದುಕೊಂಡು ಅದರ ಮೇಲೆ ಎಲ್ಲ ನಿಯಮಗಳನ್ನೂ ಒಂದಾದ ಮೇಲೊಂದು ಇಡುತ್ತಾ ಹೋದೆವು. ಗಾಂಧಿ ಬಜಾರಿನ ಬದಿಯಲ್ಲಿ ಮಾಮೂಲಾಗಿ ಕಾಣುವ ಅಳತೆಯನ್ನೇ ತೆಗೆದುಕೊಳ್ಳಿ: ಮುಂಭಾಗ ನಾಲ್ಕೂವರೆ ಮೀಟರ್, ಆಳ ಹದಿನೆಂಟು ಮೀಟರ್, ಒಟ್ಟು 81 ಚದರ ಮೀಟರ್. ನೆಲ ವಿಸ್ತೀರ್ಣ ಅನುಪಾತ, ಅಂದರೆ ಎಲ್ಲರೂ ಎಫ್.ಎ.ಆರ್. ಎನ್ನುವುದು, 1.75 ಎಂದಿಟ್ಟುಕೊಂಡರೆ ಸುಮಾರು 142 ಚದರ ಮೀಟರ್ ಕಟ್ಟಬಹುದು ಎಂದು ಕಾಗದ ಹೇಳುತ್ತದೆ. ಈಗ ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗದ ನಿಯಮವನ್ನು ಇಡಿ. ಎರಡೂ ಬದಿಗೆ ಒಂದೊಂದು ಮೀಟರ್ ಬಿಟ್ಟರೆ ಉಳಿಯುವ ಅಗಲ ಎರಡೂವರೆ ಮೀಟರ್. ಗೋಡೆಗಳ ದಪ್ಪ ಕಳೆದರೆ ಒಳಗೆ ಸಿಗುವುದು ಎರಡು ಮೀಟರಿಗೆ ಸ್ವಲ್ಪ ಹೆಚ್ಚು. ಅದರಲ್ಲಿ ಮೆಟ್ಟಿಲು ಬರಬೇಕು. ಬದಿಯ ಸೆಟ್‌ಬ್ಯಾಕಿಗೆ ವಿನಾಯಿತಿ ಸಿಕ್ಕಿತೆಂದೇ ಇಟ್ಟುಕೊಂಡು ಪಾರ್ಕಿಂಗ್ ನಿಯಮವನ್ನು ಇಡಿ. ಒಂದು ಕಾರು ಒಳಗೆ ಹೋಗಲು ಎರಡೂವರೆ ಮೀಟರ್ ಅಗಲ ಬೇಕು. ನಾಲ್ಕೂವರೆ ಮೀಟರಿನ ಅಂಗಡಿ ಮುಂಭಾಗದಲ್ಲಿ ವ್ಯಾಪಾರಕ್ಕೆ ಉಳಿಯುವುದು ಎರಡು ಮೀಟರ್. ಅದೂ ಫುಟ್‌ಪಾತನ್ನು ಕತ್ತರಿಸಿ ಕಾರಿಗೆ ಇಳಿಜಾರು ಮಾಡಿದ ಮೇಲೆ.

ಇದನ್ನು ನಾವು ಕಾಗದದ ಮೇಲೆ ಬರೆದು, ಅದೇ ಬೀದಿಯ ಹಿರಿಯ ಜವಳಿ ವ್ಯಾಪಾರಿಯೊಬ್ಬರಿಗೆ ತೋರಿಸಿದಾಗ ಅವರು ನಕ್ಕು, "ಸಾರ್, ಇದು ಅಂಗಡಿಗೆ ಮಾಡಿದ ಕಾನೂನಲ್ಲ, ಕಾರ್ ಶೆಡ್ಡಿಗೆ ಮಾಡಿದ್ದು" ಎಂದರು. ಮಾತು ತಮಾಷೆಯದಾದರೂ ಅದರಲ್ಲಿ ಹುರುಳಿತ್ತು. ಈ ನಿಯಮಗಳ ಮೂಲ ಕಲ್ಪನೆ ಹೊಸ ಬಡಾವಣೆಯ ಮೂವತ್ತು–ನಲವತ್ತರ ನಿವೇಶನ. ವಿನೋಬನಗರದಂಥ ಕಡೆ ಮನೆಯ ಸುತ್ತ ಗಾಳಿ ಬೆಳಕಿಗೆ ಜಾಗ ಬಿಡಿಸುವುದು ಸರಿಯಾದ ಉದ್ದೇಶ. ಆದರೆ ಹಳೆಯ ಬಜಾರಿನಲ್ಲಿ ಗಾಳಿ ಬೆಳಕು ಬರುತ್ತಿದ್ದುದು ಬದಿಯಿಂದಲ್ಲ. ನಡುವಿನ ತೆರೆದ ಅಂಗಳದಿಂದ ಮತ್ತು ಹಿತ್ತಿಲಿನಿಂದ. ನಿಯಮ ಅಂಗಳವನ್ನು ಕೇಳುವುದಿಲ್ಲ, ಬದಿಯ ಸಂದನ್ನು ಕೇಳುತ್ತದೆ. ಪರಿಣಾಮವಾಗಿ ಮರುನಿರ್ಮಾಣವಾಗುವ ಕಟ್ಟಡಗಳಲ್ಲಿ ಅಂಗಳ ಮುಚ್ಚಿಹೋಗುತ್ತದೆ, ಬದಿಯ ಸಂದನ್ನೂ ಯಾರೂ ಬಿಡುವುದಿಲ್ಲ.

ಪಾಲಿಸಲು ಸಾಧ್ಯವಿಲ್ಲದ ನಿಯಮವಿದ್ದಾಗ ಏನಾಗುತ್ತದೆ ಎಂಬುದನ್ನು ಕಸುಬಿನವರಾದ ನಾವು ಚೆನ್ನಾಗಿ ಬಲ್ಲೆವು. ಮಂಜೂರಾದ ನಕ್ಷೆ ಒಂದು, ಕಟ್ಟುವ ಕಟ್ಟಡ ಇನ್ನೊಂದು. ಆ ಅಂತರವನ್ನು ನೋಡಿಯೂ ನೋಡದಂತೆ ಇರುವ ಅಧಿಕಾರ ಯಾರದೋ ಕೈಗೆ ಹೋಗುತ್ತದೆ. ಸಕ್ರಮವಾಗುತ್ತದೆ ಎಂಬ ನಿರೀಕ್ಷೆಯೂ ಜೊತೆಗೂಡುತ್ತದೆ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ನಿಯಮ ಮೀರಿದ ಕಟ್ಟಡಗಳನ್ನು ದಂಡ ಪಡೆದು ಸಕ್ರಮಗೊಳಿಸುವ ಅಕ್ರಮ–ಸಕ್ರಮ ಯೋಜನೆಗೆ ತಡೆಯಾಜ್ಞೆ ನೀಡಿದ ಮೇಲೂ ಆ ನಿರೀಕ್ಷೆ ಪೂರ್ತಿ ಹೋಗಲಿಲ್ಲ. ಆದ್ದರಿಂದ ನಾವು ಪ್ರತಿ ನಿಯಮದ ಎದುರು ಎರಡು ಪ್ರಶ್ನೆಗಳನ್ನು ಬರೆದೆವು: ಈ ಬೀದಿಯಲ್ಲಿ ಇದನ್ನು ಪಾಲಿಸಲು ಬರುತ್ತದೆಯೇ, ಪಾಲಿಸಿದರೆ ಬೀದಿಗೆ ಒಳಿತಾಗುತ್ತದೆಯೇ. ಎರಡಕ್ಕೂ ಹೌದು ಎನ್ನಬಹುದಾದ ನಿಯಮಗಳನ್ನು ಮುಟ್ಟಲಿಲ್ಲ. ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎನ್ನುವಂಥವೇ ಹೆಚ್ಚು ಅಪಾಯಕಾರಿ ಎಂದು ನನ್ನ ಅಭಿಪ್ರಾಯ, ಏಕೆಂದರೆ ಅವು ಕಾನೂನುಬದ್ಧವಾಗಿಯೇ ಊರನ್ನು ಕೆಡಿಸುತ್ತವೆ.

ಅಂಥದ್ದಕ್ಕೆ ಒಳ್ಳೆಯ ಉದಾಹರಣೆ ನೆಲಮಾಳಿಗೆ. ಪಾರ್ಕಿಂಗಿಗೆ ಬಳಸುವ ನೆಲಮಾಳಿಗೆಯನ್ನು ಎಫ್.ಎ.ಆರ್. ಲೆಕ್ಕಕ್ಕೆ ಹಿಡಿಯದಿರುವುದು ಎಲ್ಲೆಡೆ ಇರುವ ಪದ್ಧತಿ. ಲೆಕ್ಕಕ್ಕೆ ಬಾರದ ಜಾಗ ಸಿಗುತ್ತದೆ ಎಂದಾದರೆ ಕಟ್ಟುವವರು ಅಗೆಯುತ್ತಾರೆ, ಅಗೆದದ್ದು ಕೆಲವೇ ದಿನಗಳಲ್ಲಿ ಗೋದಾಮು ಆಗುತ್ತದೆ. ಬಯಲು ಸೀಮೆಯಲ್ಲಿ ಇದು ಪಾರ್ಕಿಂಗಿನ ನಷ್ಟ ಮಾತ್ರ. ನಮ್ಮಲ್ಲಿ ನೀರಿನ ಪ್ರಶ್ನೆಯೂ ಸೇರಿಕೊಳ್ಳುತ್ತದೆ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ನಗರದ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿದ್ದನ್ನು ಊರಿನವರಾರೂ ಮರೆತಿಲ್ಲ. ಹೊಳೆಯ ದಂಡೆಗೆ ಹತ್ತಿರದ ಬೀದಿಗಳಲ್ಲಿ ಮಳೆಗಾಲದ ನಡುವೆ ಅಂತರ್ಜಲ ಎಷ್ಟು ಮೇಲಿರುತ್ತದೆ ಎಂಬುದನ್ನು ಅಡಿಪಾಯ ತೋಡಿಸಿದ ಯಾವ ಮೇಸ್ತ್ರಿಯನ್ನು ಕೇಳಿದರೂ ಹೇಳುತ್ತಾನೆ. ನೆಲಮಾಳಿಗೆಯ ನೀರನ್ನು ಪಂಪು ಹಾಕಿ ಹೊರಗೆ ಬಿಡುವುದು ಎಲ್ಲಿಗೆ? ಆಗಲೇ ತುಂಬಿ ಹರಿಯುತ್ತಿರುವ ಬೀದಿಯ ಚರಂಡಿಗೆ. ಹೊಳೆಯಿಂದ ಇಂತಿಷ್ಟು ಎತ್ತರದೊಳಗಿನ ನಿವೇಶನಗಳಲ್ಲಿ ನೆಲಮಾಳಿಗೆಗೆ ಅವಕಾಶವೇ ಬೇಡ, ಆ ಎತ್ತರವನ್ನು ಪ್ರವಾಹದ ಗುರುತುಗಳನ್ನು ಆಧರಿಸಿ ಸಮೋನ್ನತಿ ರೇಖೆಯ ಮೇಲೆ ನಿಗದಿಪಡಿಸಬೇಕು ಎಂದು ಬರೆದೆವು. ಇಡೀ ವರದಿಯಲ್ಲಿ ನಿಯಮವನ್ನು ಬಿಗಿಗೊಳಿಸಬೇಕೆಂದು ನಾವು ಕೇಳಿದ ಕೆಲವೇ ಜಾಗಗಳಲ್ಲಿ ಇದೊಂದು. ಕೆಲವು ಗ್ರಾಹಕರಿಗೆ ಇದು ಹಿಡಿಸಲಿಲ್ಲ; ಅದು ನಿರೀಕ್ಷಿತವೇ ಆಗಿತ್ತು.

ಪಾರ್ಕಿಂಗಿನ ವಿಷಯದಲ್ಲಿ ಊರಿನಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ: ಗಿರಾಕಿ ಗಾಡಿ ನಿಲ್ಲಿಸಲು ಜಾಗವಿಲ್ಲದೆ ವಾಪಸು ಹೋಗುತ್ತಾನೆ. ಇದನ್ನು ವಾದದಿಂದ ಇತ್ಯರ್ಥಪಡಿಸುವುದಕ್ಕಿಂತ ಎಣಿಸಿ ನೋಡುವುದು ಮೇಲೆಂದುಕೊಂಡೆವು. ವಿಧಾನ ಹಳೆಯದು, ಖರ್ಚೂ ಇಲ್ಲ. ಬೀದಿಯ ಒಂದು ತುಣುಕನ್ನು ಆಯ್ದು, ಅಂಗಡಿ ತೆರೆಯುವ ಹೊತ್ತಿನಿಂದ ಸಂಜೆಯವರೆಗೆ ಅರ್ಧ ಗಂಟೆಗೊಮ್ಮೆ ನಡೆಯುತ್ತಾ, ನಿಂತಿರುವ ಪ್ರತಿ ವಾಹನದ ನೋಂದಣಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳನ್ನು ಬರೆದುಕೊಳ್ಳುವುದು. ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಯಾವ ಗಾಡಿ ಎಷ್ಟು ಹೊತ್ತು ನಿಂತಿತ್ತು ಎಂಬುದು ತಾನೇ ತಿಳಿಯುತ್ತದೆ. ಸಾಮಾನ್ಯ ದಿನ, ಭಾನುವಾರ, ಮದುವೆಯ ಹಂಗಾಮಿನ ದಿನ, ಜೋರು ಮಳೆಯ ದಿನ, ಹೀಗೆ ಬೇರೆ ಬೇರೆ ದಿನಗಳಲ್ಲಿ ಮಾಡುವುದು ಅಗತ್ಯ. ಅಡಿಕೆಯ ದುಡ್ಡು ಕೈಗೆ ಬರುವ ತಿಂಗಳುಗಳ ಬಜಾರಿಗೂ ಆಷಾಢದ ಬಜಾರಿಗೂ ಹೋಲಿಕೆಯೇ ಇಲ್ಲದ ಕಾರಣ ಒಂದೇ ಕಾಲದ ಎಣಿಕೆಯನ್ನು ನಂಬಿ ನೀತಿ ಬರೆಯಲಾಗದು.

ನಮ್ಮ ಪಟ್ಟಿಗಳಲ್ಲಿ ಎದ್ದು ಕಂಡದ್ದು ಎರಡು ಸಂಗತಿ. ಒಂದು, ನಿಂತ ವಾಹನಗಳಲ್ಲಿ ದ್ವಿಚಕ್ರದವೇ ಬಹುಪಾಲು. ನಿಯಮಾವಳಿಯ ಲೆಕ್ಕ ಮಾತ್ರ ಕಾರಿನದು. ಎರಡು, ಅಂಗಡಿಗಳ ನೇರ ಮುಂದೆ ಬೆಳಗ್ಗೆ ಬಂದು ಸಂಜೆಯವರೆಗೂ ಕದಲದ ಗಾಡಿಗಳಲ್ಲಿ ದೊಡ್ಡ ಪಾಲು ಗಿರಾಕಿಗಳದ್ದಲ್ಲ, ಅಂಗಡಿಯವರ ಮತ್ತು ಅಲ್ಲಿ ಕೆಲಸ ಮಾಡುವವರದ್ದು. ಇದನ್ನು ವ್ಯಾಪಾರಿಗಳ ಎದುರಿಗೇ ಇಟ್ಟಾಗ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ, ಆಮೇಲೆ ಚರ್ಚೆ ತುಂಬಾ ಸರಾಗವಾಯಿತು. ಇದರ ಆಧಾರದ ಮೇಲೆ, ಮುಂಭಾಗ ಒಂದು ಮಿತಿಗಿಂತ ಕಿರಿದಾದ ನಿವೇಶನಗಳಿಗೆ ಸ್ಥಳದಲ್ಲೇ ಪಾರ್ಕಿಂಗ್ ಒದಗಿಸುವ ಷರತ್ತನ್ನು ತೆಗೆದು, ಬದಲಿಗೆ ಅವರಿಂದ ಶುಲ್ಕ ಪಡೆದು ಅದನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಸಾಮೂಹಿಕ ನಿಲುಗಡೆಗೆ ಮಾತ್ರ ಬಳಸಬೇಕೆಂದು, ಬಜಾರಿನ ಒಳಬೀದಿಗಳಲ್ಲಿ ಗಂಟೆಯ ಲೆಕ್ಕದ ಶುಲ್ಕ ಇರಬೇಕೆಂದು, ಇಡೀ ದಿನ ನಿಲ್ಲುವ ಗಾಡಿಗಳಿಗೆ ನಡೆದು ಬರಬಹುದಾದ ದೂರದಲ್ಲಿ ಜಾಗ ಗುರುತಿಸಬೇಕೆಂದು ಸೂಚಿಸಿದೆವು. ಪ್ರತ್ಯೇಕ ಖಾತೆ ಎಂಬ ಮಾತನ್ನು ಅಡಿಗೆರೆ ಎಳೆದೇ ಬರೆದೆವು. ಸಾಮಾನ್ಯ ನಿಧಿಗೆ ಸೇರಿದ ಶುಲ್ಕ ಮರಳಿ ಬೀದಿಗೆ ಬಂದದ್ದನ್ನು ನಾನಂತೂ ಕಂಡಿಲ್ಲ.

ಫುಟ್‌ಪಾತಿನ ಅಳತೆಗೆ ಟೇಪು ಹಿಡಿದು ಹೊರಟಾಗ ಎರಡು ಅಂಕಣಗಳನ್ನು ಮಾಡಿಕೊಂಡೆವು: ಕಟ್ಟಿರುವ ಅಗಲ, ನಡೆಯಲು ನಿಜವಾಗಿ ಸಿಗುವ ಅಗಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐ.ಆರ್.ಸಿ. 103 ಮಾರ್ಗಸೂಚಿ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರದ ಅಡೆತಡೆಯಿಲ್ಲದ ದಾರಿಯನ್ನು ಕೇಳುತ್ತದೆ, ಅಂಚುಕಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದು ಎನ್ನುತ್ತದೆ. ಕಟ್ಟಿರುವ ಅಗಲ ಅನೇಕ ಕಡೆ ಈ ಮಟ್ಟಕ್ಕೆ ಬರುತ್ತದೆ. ಅಂಗಡಿಯ ಮೆಟ್ಟಿಲು, ಗೊಂಬೆಗೆ ಉಡಿಸಿ ನಿಲ್ಲಿಸಿದ ಸೀರೆ, ಕಂಬ, ಟ್ರಾನ್ಸ್‌ಫಾರ್ಮರಿನ ಕಟ್ಟೆ, ಬೈಕು ಇವನ್ನೆಲ್ಲ ಕಳೆದ ಮೇಲಿನ ಅಗಲ ಬರುವುದಿಲ್ಲ. ಮಲೆನಾಡಿನಲ್ಲಿ ಇನ್ನೊಂದು ಲೆಕ್ಕವೂ ಇದೆ. ಬಿಚ್ಚಿದ ಕೊಡೆಯ ಅಗಲ ಸುಮಾರು ಒಂದು ಮೀಟರ್. ಎದುರುಬದುರಾಗಿ ಕೊಡೆ ಹಿಡಿದ ಇಬ್ಬರು ದಾಟಿಕೊಳ್ಳಬೇಕಾದರೆ 1.8 ಮೀಟರೂ ಸಾಲದು, ಒಬ್ಬರು ರಸ್ತೆಗೆ ಇಳಿಯಲೇಬೇಕು. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಬರುವ ಊರಿನಲ್ಲಿ ಇದು ಚಿಕ್ಕ ವಿಷಯವಲ್ಲ.

ಹಳೆಯ ಕಟ್ಟಡಗಳಿಗೆ ಜಗಲಿಯ ಮೇಲೆ ಚಾಚಿದ ಹಂಚಿನ ಸೂರು ಇತ್ತು, ನಡೆಯುವವರು ಅದರ ಕೆಳಗೆ ಸರಿಯುತ್ತಿದ್ದರು. ಈಗ ಸಾರ್ವಜನಿಕ ಜಾಗದ ಮೇಲಿನ ಚಾಚು ಯಾವುದೇ ಇರಲಿ, ಅದು ಉಲ್ಲಂಘನೆ. ಹಾಗಾಗಿ ಮೇ ತಿಂಗಳ ಕೊನೆಯಲ್ಲಿ ಪ್ರತಿಯೊಬ್ಬರೂ ತಮಗೆ ತೋಚಿದ ಎತ್ತರಕ್ಕೆ ತಗಡು, ಟಾರ್ಪಾಲು ಕಟ್ಟುತ್ತಾರೆ. ನೀರು ನೇರ ಪಾದಚಾರಿಯ ತಲೆಯ ಮೇಲೆ ಸುರಿಯುತ್ತದೆ. ಅಲ್ಲಲ್ಲಿ ತೆರವು ನಡೆಯುತ್ತದೆ, ಮುಂದಿನ ಮಳೆಗೆ ಮತ್ತೆ ಕಟ್ಟುತ್ತಾರೆ. ಇದಕ್ಕೆ ನಾವು ಬರೆದ ಬದಲಿ ನಿಯಮ ಹೀಗಿತ್ತು: ಗೊತ್ತುಪಡಿಸಿದ ಬೀದಿಗಳಲ್ಲಿ, ಒಂದೇ ಎತ್ತರಕ್ಕೆ, ಫುಟ್‌ಪಾತಿನ ಅಂಚನ್ನು ಮೀರದೆ, ನೆಲಕ್ಕೆ ಕಂಬ ಊರದೆ, ದೋಣಿ ಮತ್ತು ಕೊಳವೆಯ ಮೂಲಕ ನೀರನ್ನು ಚರಂಡಿಗೆ ಇಳಿಸುವ, ಬೇಕೆಂದಾಗ ಕಳಚಬಹುದಾದ ಮರೆಮಾಡಿಗೆ ವಾರ್ಷಿಕ ಪರವಾನಗಿ. ಕಳಚಬಹುದಾದ ಎಂಬ ಷರತ್ತಿಗೆ ಕಾರಣ ಎರಡು ವರ್ಷಕ್ಕೊಮ್ಮೆ ನಡೆಯುವ ಕೋಟೆ ಮಾರಿಕಾಂಬ ಜಾತ್ರೆ ಮತ್ತು ಇತರ ಮೆರವಣಿಗೆಗಳು. ಜಾತ್ರೆಯ ದಿನಗಳಲ್ಲಿ ಗಾಂಧಿ ಬಜಾರಿಗೆ ಅದರ ಪೂರ್ತಿ ಅಗಲ ಬೇಕಾಗುತ್ತದೆ, ಅದನ್ನು ಯಾವ ಕಾಯಂ ಕಟ್ಟಡವೂ ತಿನ್ನಬಾರದು.

ಬೀದಿ ಬದಿ ವ್ಯಾಪಾರಿಗಳ ವಿಷಯದಲ್ಲಿ ನಾನು ಹೆಚ್ಚು ಕಲಿತದ್ದು ಕಾಗದಕ್ಕಿಂತ ಜನರಿಂದ. 2014ರ ಕಾಯ್ದೆ ಸ್ಪಷ್ಟವಾಗಿದೆ: ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರ ಸದಸ್ಯರಲ್ಲಿ ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ವ್ಯಾಪಾರಿಗಳದೇ ಪ್ರತಿನಿಧಿಗಳಿರಬೇಕು, ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ಮುನ್ನ ಯಾರನ್ನೂ ಎಬ್ಬಿಸಬಾರದು. ಅದರ ಮೊದಲ ಅನುಸೂಚಿಯಲ್ಲಿ ಇನ್ನೂ ಒಂದು ಮಾತಿದೆ, ಅದನ್ನು ಯಾರೂ ಅಷ್ಟಾಗಿ ಓದಿದಂತಿಲ್ಲ: ಸಮೀಕ್ಷೆಯಲ್ಲಿ ಸಹಜ ಮಾರುಕಟ್ಟೆ ಎಂದು ಗುರುತಿಸಿದ ಜಾಗವನ್ನು ವ್ಯಾಪಾರ ನಿಷೇಧಿತ ವಲಯ ಎಂದು ಘೋಷಿಸುವಂತಿಲ್ಲ. ಜನ ಎಲ್ಲಿ ತಾವಾಗಿಯೇ ಕೊಳ್ಳಲು ಮಾರಲು ಸೇರುತ್ತಾ ಬಂದಿದ್ದಾರೋ ಅದು ಸಹಜ ಮಾರುಕಟ್ಟೆ. ಹೂವು, ಸೊಪ್ಪು, ನಿಂಬೆಹಣ್ಣು ಮಾರುವವರು ದೇವಸ್ಥಾನದ ದಾರಿಯಲ್ಲಿ, ಬಸ್ಸಿಗೆ ಹೋಗುವವರ ದಾರಿಯಲ್ಲಿ ಕೂರುವುದು ಲೆಕ್ಕಾಚಾರದಿಂದಲೇ. ಸೊಪ್ಪು ಮಾರುವ ಹಿರಿಯ ಹೆಂಗಸೊಬ್ಬರನ್ನು, "ಅಮ್ಮಾ, ಬೇರೆ ಕಡೆ ನೆರಳಿರೋ ಕಟ್ಟೆ ಕಟ್ಟಿಕೊಟ್ರೆ ಹೋಗ್ತೀರಾ?" ಎಂದು ಕೇಳಿದಾಗ ಅವರು, "ನೆರಳು ಇಟ್ಕೊಂಡು ಏನ್ ಮಾಡ್ಲಪ್ಪಾ, ಜನ ಓಡಾಡ್ಬೇಕಲ್ಲ" ಎಂದರು. ವ್ಯಾಪಾರ ವಲಯಗಳನ್ನು ಖಾಲಿ ಜಾಗ ಸಿಗುವ ಕಡೆ ಗುರುತಿಸುವ ಬದಲು ಜನ ನಡೆಯುವ ದಾರಿಯ ಮೇಲೆ, ಅಳೆದ ಅಗಲದಲ್ಲಿ ಗುರುತಿಸಬೇಕು ಎಂದು ಬರೆಯಲು ಈ ಮಾತೇ ಪ್ರೇರಣೆ. ಎಲ್ಲಿ ನಡೆಯಲು 1.8 ಮೀಟರ್ ಉಳಿಯುವುದಿಲ್ಲವೋ ಅಲ್ಲಿ ಮೊದಲು ತೆಗೆಯಬೇಕಾದದ್ದು ನಿಂತ ಬೈಕನ್ನು, ಆಮೇಲೆ ಅಂಗಡಿಯ ಮೆಟ್ಟಿಲನ್ನು, ಕಡೆಗೆ ಮಾತ್ರ ಬುಟ್ಟಿಯನ್ನು ಎಂಬ ಕ್ರಮವನ್ನೂ ಸೂಚಿಸಿದೆವು. ನಮ್ಮಲ್ಲಿ ಸದ್ಯ ನಡೆಯುವುದು ಇದಕ್ಕೆ ತದ್ವಿರುದ್ಧ.

ರಸ್ತೆ ಅಗಲೀಕರಣದ ಗೆರೆಗಳ ಬಗ್ಗೆಯೂ ಹೇಳಬೇಕು. ಮಹಾಯೋಜನೆಯಲ್ಲಿ ಒಂದು ಬೀದಿಗೆ ಹೆಚ್ಚಿನ ಅಗಲ ತೋರಿಸಿದರೆ ಎರಡೂ ಬದಿಯ ಕಟ್ಟಡಗಳ ಮೇಲೆ ಆ ಗೆರೆ ತೂಗುತ್ತಿರುತ್ತದೆ. ಸಾರ್ವಜನಿಕ ಉದ್ದೇಶಕ್ಕೆ ಗುರುತಿಸಿದ ಜಾಗವನ್ನು ಐದು ವರ್ಷದೊಳಗೆ ಪಡೆಯದಿದ್ದರೆ, ಅಥವಾ ಸ್ವಾಧೀನದ ಕ್ರಮವನ್ನೇ ಆರಂಭಿಸದಿದ್ದರೆ, ಆ ಗುರುತು ರದ್ದಾಗುತ್ತದೆ ಎಂದು ಕಾಯ್ದೆಯ 69ನೇ ಕಲಮು ಹೇಳುತ್ತದೆ; ಆದರೂ ಮುಂದಿನ ಪರಿಷ್ಕರಣೆಯಲ್ಲಿ ಅದೇ ಗೆರೆ ಮತ್ತೆ ಬರಲು ಅಡ್ಡಿಯೇನಿಲ್ಲ. ಈ ಅನಿಶ್ಚಿತತೆಯಲ್ಲಿ ಮಾಲೀಕರು ಹಳೆಯ ಕಟ್ಟಡಗಳ ರಿಪೇರಿಗೆ ಕೈ ಹಾಕುವುದಿಲ್ಲ. ಮಾಡು ಸೋರಿ, ಮರದ ತೊಲೆ ಗೆದ್ದಲು ಹಿಡಿದು, ಕಡೆಗೆ ಬೀಳಿಸುವುದೊಂದೇ ದಾರಿ ಎಂಬಂತಾಗುತ್ತದೆ. ಜಾಗ ಬಿಟ್ಟುಕೊಟ್ಟವರಿಗೆ 14-ಬಿ ಕಲಮಿನಡಿ ಅಭಿವೃದ್ಧಿ ಹಕ್ಕು, ಅಂದರೆ ಹೆಚ್ಚುವರಿಯಾಗಿ ಕಟ್ಟಲು ಬಳಸಬಹುದಾದ ಅಥವಾ ಮಾರಬಹುದಾದ ಹಕ್ಕಿನ ಪತ್ರ, ಕೊಡಬಹುದು ನಿಜ. ಆದರೆ ಹೆಚ್ಚುವರಿ ಎಫ್.ಎ.ಆರ್. ಕೊಳ್ಳುವವರೇ ಕಡಿಮೆಯಿರುವ ನಮ್ಮಂಥ ಊರಿನಲ್ಲಿ ಆ ಪತ್ರ ಬೀರುವಿನಲ್ಲೇ ಉಳಿಯುತ್ತದೆ. ಗಾಂಧಿ ಬಜಾರಿನ ಒಳಗೆ ಅಗಲೀಕರಣದ ಗೆರೆ ಬೇಡ, ಈಗಿರುವ ಅಂಗಡಿ ಸಾಲನ್ನೇ ಕಟ್ಟಡ ರೇಖೆ ಎಂದು ಘೋಷಿಸಿ, ವಾಹನದ ಒತ್ತಡವನ್ನು ಸುತ್ತಲಿನ ರಸ್ತೆಗಳಿಗೆ ಬಿಡಬೇಕು ಎಂಬುದು ನಮ್ಮ ನಿಲುವು. ಬಿ.ಎಚ್. ರಸ್ತೆಗೆ ಈ ಮಾತು ಅನ್ವಯಿಸದು, ಅದರ ಲೆಕ್ಕವೇ ಬೇರೆ. ಶಿವಪ್ಪ ನಾಯಕನ ಅರಮನೆ ಮತ್ತು ಕೋಟೆಯ ಸುತ್ತಲಿನ ಎತ್ತರದ ಮಿತಿಯ ಬಗ್ಗೆ ಒಂದೇ ಪುಟ ಬರೆದೆವು. ಅದಕ್ಕೆ ಪುರಾತತ್ವದವರೇ ಬೇಕು.

ಬರವಣಿಗೆಯ ಹಂತದಲ್ಲಿ ನಿವೃತ್ತ ನಗರ ಯೋಜಕರೊಬ್ಬರು ಕೊಟ್ಟ ಸಲಹೆ ವರದಿಯ ರೂಪವನ್ನೇ ಬದಲಾಯಿಸಿತು. "ನೋಡ್ರೀ, ನಿಯಮ ಸಡಿಲ ಮಾಡಿ ಅಂತ ಬರೀಬೇಡಿ. ಸಡಿಲ ಮಾಡಿ ಅಂದ್ರೆ ಕಡತ ಅಲ್ಲೇ ನಿಲ್ಲತ್ತೆ. ಇದರ ಬದಲು ಇದು ಅಂತ ಬರೀರಿ, ಓದೋರು ಹಾಗೇ ಎತ್ತಿ ಹಾಕ್ಕೊಳ್ಳೋ ಹಾಗಿರಲಿ" ಎಂದರು. ಅದರಂತೆ ಪ್ರತಿ ಪುಟವನ್ನು ನಾಲ್ಕು ಭಾಗ ಮಾಡಿದೆವು: ಈಗಿರುವ ಕಲಮಿನ ಪೂರ್ತಿ ಪಠ್ಯ, ಅದು ಬೀದಿಯಲ್ಲಿ ಉಂಟುಮಾಡಿರುವ ಪರಿಣಾಮ ಫೋಟೊ ಮತ್ತು ಅಳತೆಯೊಂದಿಗೆ, ನಾವು ಸೂಚಿಸುವ ಬದಲಿ ಪಠ್ಯ, ಅದನ್ನು ಜಾರಿಗೆ ತರಬೇಕಾದ ಕಚೇರಿ ಯಾವುದು ಎಂಬ ಟಿಪ್ಪಣಿ. ಕೊನೆಯ ಭಾಗ ನೋಡಲು ಸಣ್ಣದು, ಆದರೆ ಅದಿಲ್ಲದಿದ್ದರೆ ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಉತ್ತರ ಖಚಿತ. ಭಾಷೆ ಕನ್ನಡದಲ್ಲೇ ಇರಲಿ ಎಂದು ಹಟ ಹಿಡಿದದ್ದರಿಂದ ಕರಡನ್ನು ವ್ಯಾಪಾರಿಗಳು, ಹಮಾಲರ ಮುಖಂಡರು, ಆಟೊ ಚಾಲಕರು ಓದಿ ತಿದ್ದಲು ಸಾಧ್ಯವಾಯಿತು. ಸರಕು ಇಳಿಸುವ ಹೊತ್ತನ್ನು ಬೆಳಗ್ಗೆ ಎಂಟರೊಳಗೆ ಎಂದು ನಾವು ಬರೆದಿದ್ದನ್ನು ನೋಡಿ ಹಮಾಲರೊಬ್ಬರು, ಆ ಹೊತ್ತಿಗೆ ಅಂಗಡಿಯ ಬಾಗಿಲು ತೆಗೆಯುವವರು ಯಾರಿದ್ದಾರೆ ಎಂದು ಕೇಳಿದರು. ಹೊತ್ತನ್ನು ಹತ್ತಕ್ಕೆ ಸರಿಸಿದೆವು.

ವರದಿಯನ್ನು ಸಂಬಂಧಿಸಿದ ಕಚೇರಿಗಳಿಗೆ ಸಲ್ಲಿಸಿ ಸ್ವೀಕೃತಿ ಪಡೆದಿದ್ದೇವೆ. ಕರಡು ಪ್ರಕಟವಾದಾಗ ಅದೇ ಪುಟಗಳನ್ನು ಹೊಸ ಕಲಮು ಸಂಖ್ಯೆಗಳೊಂದಿಗೆ ಆಕ್ಷೇಪಣೆಯಾಗಿ ಮತ್ತೆ ಸಲ್ಲಿಸುವ ಸಿದ್ಧತೆ ಇದೆ. ಒಂದು ವಿಷಯದಲ್ಲಿ ಮಾತ್ರ ನಮ್ಮೊಳಗೇ ಇನ್ನೂ ಒಮ್ಮತವಾಗಿಲ್ಲ. ಬಜಾರಿನ ಗೋಡೆಗೆ ಗೋಡೆ ಅಂಟಿದ ಸಾಲನ್ನು ಉಳಿಸಬೇಕು ಎಂದರೆ ಬೆಂಕಿ ಬಿದ್ದಾಗ ಅಗ್ನಿಶಾಮಕ ವಾಹನ ಹಿಂದಿನಿಂದ ಬರಬೇಕು; ಹಿಂದೆ ಇರುವುದು ಕನ್ಸರ್ವೆನ್ಸಿ, ಅಂದರೆ ಕಟ್ಟಡಗಳ ಹಿಂಬದಿಯ ಕಿರಿದಾದ ಓಣಿ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಊರಿನ ಅನೇಕ ಕನ್ಸರ್ವೆನ್ಸಿಗಳಿಗೆ ಕಲ್ಲು ಹಾಸಿ, ದೀಪ ಹಾಕಿ, ಕಸದ ಸಂದುಗಳಾಗಿದ್ದವನ್ನು ನಡೆಯುವಂತೆ ಮಾಡಲಾಗಿದೆ. ಅಲ್ಲಿ ತಿಂಡಿ ಅಂಗಡಿ, ಬೈಕ್ ನಿಲುಗಡೆಗೆ ಅವಕಾಶ ಕೊಟ್ಟರೆ ಜಾಗ ಜೀವಂತವಾಗಿರುತ್ತದೆ ಎಂದು ನಮ್ಮಲ್ಲಿ ಅರ್ಧ ಜನರ ವಾದ. ಇನ್ನರ್ಧ ಜನ ಅವುಗಳನ್ನು ಸಂಪೂರ್ಣ ತೆರವಾಗಿಯೇ ಇಡಬೇಕು, ಪೈಪು ಎಳೆದುಕೊಂಡು ಓಡುವಷ್ಟು ದಾರಿಯಾದರೂ ಸದಾ ಇರಬೇಕು ಎನ್ನುತ್ತಾರೆ. ನಾನು ಎರಡನೆಯ ಗುಂಪಿನವನು. ಅಗ್ನಿಶಾಮಕ ಠಾಣೆಯವರನ್ನು ಕರೆತಂದು ಪ್ರತಿ ಕನ್ಸರ್ವೆನ್ಸಿಯ ಎರಡೂ ಬಾಯಿಗಳ ಅಗಲವನ್ನು ಅವರೆದುರೇ ಅಳೆದ ಮೇಲೆ ಆ ಪುಟವನ್ನು ಪೂರ್ತಿ ಮಾಡುವುದೆಂದು ತೀರ್ಮಾನಿಸಿದ್ದೇವೆ.